ಮಗಳನ್ನು ಕರೆಸಿದಳು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯನ್ನು ನೋಡಿರದ ಓದುಗರಿಗಾಗಿ ಮೊದಲು ಎರಡು ಮಾತು. ಶಿರಾಳಕೊಪ್ಪದಿಂದ ಒಳಗೆ, ಸೊರಬದ ಸೀಮೆಗೆ ಹತ್ತಿರವಾಗಿ, ಗಿಡಮರಗಳ ನಡುವೆ ಮಲಗಿರುವ ಹಾಳೂರು ಅದು. ಶಾಸನಗಳು ಇದನ್ನು ಬಂದನಿಕೆ, ಬಾಂಧವಪುರ ಎಂದೆಲ್ಲ ಕರೆಯುತ್ತವೆ. ಬನವಾಸಿ ಪನ್ನಿರ್ಛಾಸಿರದೊಳಗಿನ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಇದು ಮುಖ್ಯ ಪಟ್ಟಣವಾಗಿತ್ತು. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ, ರಾಮಾಯಣ ಮಹಾಭಾರತಗಳ ಕಥೆಗಳನ್ನು ಜಾಲಂಧ್ರದ ಕಲ್ಲಿನಲ್ಲಿ ಕೊರೆದಿರುವ ಸೋಮೇಶ್ವರ ದೇವಾಲಯ, ಇಂದಿಗೂ ಭಕ್ತರು ಬರುವ ಬನಶಂಕರಿಯ ಗುಡಿ, ಇವಿಷ್ಟು ಹಳೆಯ ವೈಭವದ ಉಳಿಕೆ. ರಜೆಯ ದಿನಗಳಲ್ಲಿ ಹೋದರೆ ಹಕ್ಕಿಗಳ ದನಿಯ ಹೊರತು ಬೇರೆ ಸದ್ದು ಕೇಳುವುದು ಅಪರೂಪ.

ಆ ಭಾಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠದ ಉಪಾಧ್ಯಾಯನಾಗಿ ಹಲವು ವರ್ಷ ಕಳೆದವನು ನಾನು. ಪ್ರತಿ ವರ್ಷ ಡಿಸೆಂಬರಿನಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಬಂದಳಿಕೆಗೆ ಕರೆದೊಯ್ಯುವುದು ನನ್ನ ವಾಡಿಕೆಯಾಗಿತ್ತು. ಬಸದಿಯ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಜಕ್ಕಿಯಬ್ಬೆಯ ಕಥೆಯನ್ನು ಹೇಳುವುದೂ ಆ ವಾಡಿಕೆಯ ಒಂದು ಭಾಗ.

ಕಥೆ ಹೀಗಿದೆ. ಹತ್ತನೆಯ ಶತಮಾನದ ಎರಡನೆಯ ದಶಕ. ರಾಷ್ಟ್ರಕೂಟರ ಆಳ್ವಿಕೆ. ನಾಗರಖಂಡ ಎಪ್ಪತ್ತಕ್ಕೆ ಸತ್ತರಸ ನಾಗಾರ್ಜುನನೆಂಬವನು ನಾಳ್ಗಾವುಂಡನಾಗಿದ್ದನು. ಅವನು ತೀರಿಕೊಂಡಾಗ ಆ ಅಧಿಕಾರವು ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಹೆಣ್ಣಾಗಿದ್ದರೂ ತನ್ನ ಪರಾಕ್ರಮದಿಂದ ನಾಡನ್ನು ಚೆನ್ನಾಗಿ ಕಾಪಾಡಿದಳೆಂದು ಶಾಸನ ಅವಳನ್ನು ಹೊಗಳುತ್ತದೆ. ಮುಂದೆ ದೇಹಕ್ಕೆ ವ್ಯಾಧಿ ಬಂದಾಗ ಸಂಸಾರದ ಸುಖಗಳು ನಿಸ್ಸಾರವೆಂದು ಬಗೆದು, ಮಗಳನ್ನು ಕರೆಸಿ, ತನ್ನದನ್ನು ಅವಳಿಗೆ ಒಪ್ಪಿಸಿ, ಬಂದನಿಕೆಯ ತೀರ್ಥಕ್ಕೆ ಬಂದು ಬಸದಿಯಲ್ಲಿ ವ್ರತಧಾರಿಣಿಯಾಗಿ ದೇಹವನ್ನು ಬಿಟ್ಟಳು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳ ನಡುವೆ ಇದೂ ಸೇರಿದೆ. ಸಾವಿರದ ನೂರು ವರ್ಷಗಳ ಹಿಂದೆ ನಮ್ಮ ಸೀಮೆಯಲ್ಲಿ ಒಬ್ಬ ಹೆಂಗಸು ನಾಡಾಳಿದಳು ಎಂದು ಹೇಳುವಾಗ ನನ್ನ ದನಿ ತಾನಾಗಿಯೇ ಏರುತ್ತಿತ್ತು.

1989ರ ಡಿಸೆಂಬರಿನಲ್ಲಿ ಕಥೆ ಮುಗಿಸಿ ಎಂದಿನಂತೆ, "ಯಾರಿಗಾದರೂ ಸಂದೇಹಗಳಿವೆಯೇ?" ಎಂದು ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ.

"ಸಾರ್, ಮಗಳನ್ನ ಕರೆಸಿದಳು ಅಂದ್ರಲ್ಲ. ಅಲ್ಲೀತನಕ ಆ ಮಗಳು ಎಲ್ಲಿದ್ದಳು?"

ಉಳಿದ ಮಕ್ಕಳು ನಕ್ಕರು. ನಾನೂ ನಕ್ಕೆನೆಂದು ಈಗ ನಾಚಿಕೆಯಿಂದ ನೆನೆಯುತ್ತೇನೆ. "ಎಲ್ಲಿರುತ್ತಾಳಮ್ಮ, ಮನೆಯಲ್ಲಿದ್ದಿರಬೇಕು. ಬನ್ನಿ, ಬಸ್ಸಿಗೆ ಹೊತ್ತಾಯಿತು," ಎಂದು ಹೊರಡಿಸಿದೆ. ಅವಳ ತಾಯಿ ಕುವೈತಿನಲ್ಲಿರುವುದು ನನಗೆ ತಿಳಿದಿತ್ತು. ಆದರೆ ಆ ತಿಳಿವಳಿಕೆಗೂ ಅವಳ ಪ್ರಶ್ನೆಗೂ ಇದ್ದ ಗಂಟು ಅಂದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ಅವಳ ಸಂಗತಿಯನ್ನು ಇಷ್ಟು ಹೇಳಬಹುದು. ತಂದೆ ಚಿಕ್ಕಂದಿನಲ್ಲಿಯೇ ತೀರಿಹೋಗಿದ್ದರು. ಒಂದೂವರೆ ಎಕರೆ ಗದ್ದೆ, ಅದರ ಮೇಲೆ ಸಾಲ. 1987ರಲ್ಲಿ ಪರಿಚಿತರೊಬ್ಬರ ಮೂಲಕ, ಮುಂಬಯಿಯ ಒಬ್ಬ ಏಜೆಂಟನ ಕೈಗೆ ಹಣ ಕಟ್ಟಿ, ತಾಯಿ ಕುವೈತಿನ ಒಂದು ಮನೆಯ ಕೆಲಸಕ್ಕೆ ಹೋದಳು. ಕೊಲ್ಲಿ ದೇಶಗಳಿಗೆ ಗಂಡಸರು ಹೋಗುವುದು ಆಗ ನಮ್ಮ ಕಡೆಗೂ ಹೊಸತಾಗಿರಲಿಲ್ಲ. ಹೆಂಗಸು ಹೋಗುವುದು ಮಾತ್ರ ಊರಿನ ಬಾಯಿಗೆ ಹಬ್ಬವಾಗಿತ್ತು. ಆ ಬಾಯಿಗಳಿಗೆ ಹೆದರಿ ಮನೆಯವರು ಒಂದು ಉಪಾಯ ಮಾಡಿದರು. ಮಗು ಅತ್ತು ಊರೆಬ್ಬಿಸೀತೆಂದು, ಅವಳು ನಿದ್ದೆಯಲ್ಲಿರುವಾಗಲೇ, ಬೆಳಗಿನ ಜಾವದ ಬಸ್ಸಿಗೆ ತಾಯಿಯನ್ನು ಕಳುಹಿಸಿದರು. ಎದ್ದ ಮಗುವಿಗೆ, "ನಿಮ್ಮವ್ವ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಳೆ," ಎಂದು ಹೇಳಿದರು. ಹನ್ನೊಂದು ವರ್ಷದ ಹುಡುಗಿಗೆ ನಿಜ ತಿಳಿದದ್ದು ಕೆಲವು ತಿಂಗಳ ಮೇಲೆ, ಓಣಿಯ ನಲ್ಲಿಯ ಬಳಿ, ಬೇರೆಯವರ ಬಾಯಿಂದ.

ಪತ್ರಗಳು ಬರುತ್ತಿದ್ದವು. ತೆಳು ಕಾಗದದ ವಿಮಾನ ಅಂಚೆ. ನಾಲ್ಕನೆಯ ತರಗತಿಯವರೆಗೆ ಓದಿದ್ದ ತಾಯಿಯ ದುಂಡು ಅಕ್ಷರ. "ನಾನು ಕ್ಷೇಮ, ನೀನು ಚೆನ್ನಾಗಿ ಓದು, ಅಜ್ಜಿಯ ಮಾತು ಕೇಳು." ಪ್ರತಿ ಪತ್ರದಲ್ಲಿಯೂ ಇಷ್ಟೇ. ಮಾಡುವ ಕೆಲಸದ ಬಗೆಗೆ ಒಂದಕ್ಷರವಿಲ್ಲ. ಆ ಕಾಲದಲ್ಲಿ ಕೊಲ್ಲಿಯಲ್ಲಿದ್ದವರು ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳುಹಿಸುವ ರೂಢಿಯೂ ಇತ್ತು. ಅಂಥದೊಂದು ಕ್ಯಾಸೆಟ್ಟು ಬಂದಾಗ ಅಜ್ಜಿ ಅದನ್ನು ದೇವರ ಗೂಡಿನಲ್ಲಿಟ್ಟಿದ್ದರಂತೆ. ಕೇಳಲು ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಆಕ್ರಮಿಸಿತು. ಭದ್ರಾವತಿ ಆಕಾಶವಾಣಿಯಲ್ಲಿ ಬರುವ ವಾರ್ತೆಗಳಿಗೆ ಆ ಹುಡುಗಿ ಶಾಲೆಯ ಪಕ್ಕದ ಹೋಟೆಲಿನ ಹೊರಗೆ ನಿಂತು ಕಿವಿಗೊಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಪತ್ರಗಳು ನಿಂತುಹೋದವು. ಕುವೈತಿನ ಭಾರತೀಯರು ಮರುಭೂಮಿಯನ್ನು ದಾಟಿ, ಇರಾಕಿನ ಮೂಲಕ ಜೋರ್ಡಾನಿನ ಅಮ್ಮಾನ್ ನಗರವನ್ನು ಸೇರಬೇಕಾಗಿತ್ತು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಅವರನ್ನು ಮುಂಬಯಿಗೆ ಕರೆತಂದವು. 59 ದಿನಗಳಲ್ಲಿ 488 ಹಾರಾಟಗಳು, ಲಕ್ಷಕ್ಕೂ ಮೀರಿದ ಜನ. ನಾಗರಿಕರನ್ನು ವಿಮಾನದಲ್ಲಿ ತೆರವುಗೊಳಿಸಿದ ಚರಿತ್ರೆಯಲ್ಲಿ ಇದಕ್ಕೆ ಸಮನಾದುದು ವಿರಳ. ಆ ಲಕ್ಷದೊಳಗೆ ಒಬ್ಬಳಾಗಿ ನಮ್ಮ ಹುಡುಗಿಯ ತಾಯಿಯೂ ಮುಂಬಯಿಯಲ್ಲಿಳಿದು, ಹುಬ್ಬಳ್ಳಿಯ ಮೇಲೆ ಶಿರಾಳಕೊಪ್ಪಕ್ಕೆ ಬಂದಳು. ಉಟ್ಟ ಸೀರೆ, ಒಂದು ಕೈಚೀಲ. ದಸರೆಯ ರಜೆ ಇನ್ನೂ ಆರಂಭವಾಗಿರಲಿಲ್ಲ.

ಮರುದಿನ ನಾನು ಸಂತೋಷದಿಂದ ಹುಡುಗಿಯನ್ನು ಕರೆದು, "ನಿಮ್ಮ ತಾಯಿ ಬಂದರಂತಲ್ಲಮ್ಮ," ಎಂದೆ.

"ಹೌದು ಸಾರ್, ಅವರು ಬಂದಿದ್ದಾರೆ," ಎಂದಳು.

ಅವರು! ನಮ್ಮ ಕಡೆಯ ಮಕ್ಕಳು ಅಪ್ಪನಿಗೆ ಬಹುವಚನ ಹಚ್ಚಿದರೂ ಹಚ್ಚಿಯಾರು, ಅವ್ವನಿಗೆ ಹಚ್ಚುವುದಿಲ್ಲ. ಅವ್ವ ಬರುತ್ತಾಳೆ, ಅವ್ವ ಬೈಯುತ್ತಾಳೆ, ಅವ್ವ ಉಣ್ಣಿಸುತ್ತಾಳೆ. ಹದಿನಾಲ್ಕು ವರ್ಷದ ಹುಡುಗಿ ಹೆತ್ತ ತಾಯಿಗೆ ಬಹುವಚನ ಕೊಟ್ಟಳೆಂದರೆ ಅದು ಮರ್ಯಾದೆಯಲ್ಲ. ದೂರವನ್ನು ಅಳೆದು ಹೇಳಿದ ಮಾತು. ಮೂರು ವರ್ಷಗಳಲ್ಲಿ ಅವಳು ಅಜ್ಜಿಯನ್ನೇ ಅವ್ವ ಎನ್ನತೊಡಗಿದ್ದಳೆಂಬುದು ಆಮೇಲೆ ತಿಳಿಯಿತು.

ರಜೆ ಕಳೆದು ಶಾಲೆ ತೆರೆದ ಮೇಲೆ ತಾಯಿ ಶಾಲೆಗೆ ಬಂದಳು. ಬಾಗಿಲ ಬಳಿ ಸೆರಗನ್ನು ಬಿಗಿಹಿಡಿದು ನಿಂತು, "ಮಾತಾಡ್ತಿಲ್ಲ ಮೇಷ್ಟ್ರೇ. ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೇ. ನಾನು ತಂದ ಬಳೆ ಹಾಗೇ ಪೆಟ್ಟಿಗೇಲಿ ಅದಾವೆ. ಯಾರಿಗೋಸ್ಕರ ಹೋದೆ ನಾನು?" ಎಂದಳು. ಕಣ್ಣೀರು ಹಾಕಲಿಲ್ಲ. ಅಮ್ಮಾನಿನ ಬಯಲಿನ ಡೇರೆಗಳಲ್ಲಿ ಕಾದು ಬಂದ ಹೆಂಗಸು ಅಷ್ಟು ಸುಲಭವಾಗಿ ಅಳುವವಳಾಗಿರಲಿಲ್ಲ.

ನನಗೆ ಬುದ್ಧಿ ಹೇಳಲು ತೋಚಲಿಲ್ಲ. ಬಂದಳಿಕೆಯಲ್ಲಿ ಅವಳ ಮಗಳು ಕೇಳಿದ ಪ್ರಶ್ನೆಯನ್ನು ಮಾತ್ರ ಹೇಳಿದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ, "ನಾನು ಅವಳನ್ನ ಎಬ್ಬಿಸಬೇಕಿತ್ತು," ಎಂದಳು.

ಇಲ್ಲಿ ಗೋವಿನ ಹಾಡನ್ನು ನೆನೆಯದೆ ಇರಲಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಮಕ್ಕಳ ಬಾಯಿಂದ ಕೇಳಿದವನು ನಾನು. ಪುಣ್ಯಕೋಟಿಯ ಸತ್ಯಸಂಧತೆಯ ಬಗೆಗೆ ನಾವೆಲ್ಲ ಪಾಠ ಮಾಡುತ್ತೇವೆ. ಆದರೆ ಅವಳು ಹುಲಿಯ ಬಳಿ ಕೇಳಿಕೊಂಡದ್ದೇನು? ಒಮ್ಮೆ ದೊಡ್ಡಿಗೆ ಹೋಗಿ ಬರಲು ಅವಕಾಶ. ಹೋದವಳು ಕರುವಿಗೆ ಹಾಲೂಡಿಸಿ ಸದ್ದಿಲ್ಲದೆ ಹಿಂತಿರುಗಲಿಲ್ಲ. ತಾನು ಹೋಗುತ್ತಿರುವುದೆಲ್ಲಿಗೆ, ಏಕೆ ಎಂಬುದನ್ನು ಕರುವಿಗೆ ಹೇಳಿದಳು. ಒಡಹುಟ್ಟಿದವರಂಥ ಹಸುಗಳಿಗೆ ಅದನ್ನು ಒಪ್ಪಿಸಿದಳು. ಆ ಹಾಡಿನಲ್ಲಿ ಕರು ದುಃಖಿಸುತ್ತದೆ, ಆದರೆ ಮೋಸಹೋಗುವುದಿಲ್ಲ. ನಮ್ಮ ಹುಡುಗಿಗೆ ಆದದ್ದು ಅಗಲಿಕೆಯ ದುಃಖ ಮಾತ್ರವಲ್ಲ, ಮೋಸಹೋದ ದುಃಖ. ಹದಿಹರೆಯದ ಮಕ್ಕಳು ಮೊದಲನೆಯದನ್ನು ಹೇಗೋ ನುಂಗಿಕೊಳ್ಳುತ್ತಾರೆ. ಎರಡನೆಯದು ಗಂಟಲಲ್ಲಿಯೇ ನಿಲ್ಲುತ್ತದೆ.

ಆ ಚಳಿಗಾಲದಲ್ಲಿ ತಾಯಿ ಮಗಳ ನಡುವೆ ನಡೆದುದನ್ನು ನಾನು ಕಂಡಿಲ್ಲ. ಹುಡುಗಿಯೇ ಬಹಳ ವರ್ಷಗಳ ಮೇಲೆ ಹೇಳಿದ್ದು. ಒಂದು ರಾತ್ರಿ ತಾಯಿ ಅವಳ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಕುವೈತಿನ ಆ ಮನೆಯ ನಕ್ಷೆಯನ್ನು ಬರೆದಳಂತೆ. ಇದು ಅಡುಗೆ ಮನೆ, ಇದು ಮಕ್ಕಳ ಕೋಣೆ, ಇದು ಉಗ್ರಾಣ, ಉಗ್ರಾಣದ ಪಕ್ಕದ ಈ ಮೂಲೆಯಲ್ಲಿ ನಾನು ಮಲಗುತ್ತಿದ್ದೆ. ಎಷ್ಟು ಹೊತ್ತಿಗೆ ಏಳಬೇಕು, ಸಂಬಳವೆಷ್ಟು, ಯಾವ ತಿಂಗಳು ಕೊಡಲಿಲ್ಲ, ಏಜೆಂಟನ ಸಾಲ ತೀರಲು ಎಷ್ಟು ದಿನ ಹಿಡಿಯಿತು, ಎಲ್ಲವನ್ನೂ ಹೇಳಿದಳು. ಆ ಮನೆಯಲ್ಲಿ ಇವಳ ವಯಸ್ಸಿನ ಒಬ್ಬ ಹುಡುಗಿ ಇದ್ದುದನ್ನೂ, ದಿನಾ ಬೆಳಗ್ಗೆ ಅವಳಿಗೆ ಜಡೆ ಹಾಕುವುದು ತನ್ನ ಕೆಲಸವಾಗಿದ್ದುದನ್ನೂ ಮುಚ್ಚಿಡಲಿಲ್ಲ.

ಜಡೆಯ ಮಾತು ಕೇಳಿ ಮಗಳು ಒಂದು ವಾರ ಮುಖ ತಿರುಗಿಸಿಕೊಂಡಿದ್ದಳಂತೆ. ಆಮೇಲೆ ಒಂದು ದಿನ ತಾನಾಗಿಯೇ ಕೇಳಿದಳಂತೆ, "ಆ ಹುಡುಗಿ ಹೆಸರೇನು?"

ವಿದ್ವಾಂಸರು ಇಂಥ ಸಂಗತಿಗಳನ್ನು ಅಭ್ಯಾಸ ಮಾಡಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಇದನ್ನು ಆರೈಕೆಯ ಸರಪಳಿ ಎಂದು ಕರೆದರು. ಒಂದು ದೇಶದ ತಾಯಿ ಇನ್ನೊಂದು ದೇಶದ ಮಗುವನ್ನು ನೋಡಿಕೊಳ್ಳುತ್ತಾಳೆ, ಅವಳ ಮಗುವನ್ನು ಊರಿನಲ್ಲಿ ಮತ್ತೊಬ್ಬ ಹೆಂಗಸು ನೋಡಿಕೊಳ್ಳುತ್ತಾಳೆ. ಫಿಲಿಪ್ಪೀನ್ಸ್ ದೇಶದ ಇಂಥ ಮಕ್ಕಳ ಬಗೆಗೆ ರಾಸೆಲ್ ಪರೇನ್ಯಾಸ್ ಅವರು 2005ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅವರು ಕಂಡುಕೊಂಡ ಒಂದು ಸಂಗತಿ ವಿಚಾರಾರ್ಹವಾಗಿದೆ. ತಂದೆ ದೂರದೇಶದಲ್ಲಿ ದುಡಿಯುವುದನ್ನು ಮಕ್ಕಳು ತಂದೆಯ ಧರ್ಮವೆಂದು ಒಪ್ಪುತ್ತಾರೆ. ತಾಯಿ ಹೋದರೆ, ಅವಳು ಎಷ್ಟೇ ಹಣ ಕಳಿಸಲಿ, ಎಷ್ಟೇ ಸಲ ಫೋನು ಮಾಡಲಿ, ತಮ್ಮನ್ನು ತೊರೆದಳೆಂದು ನೊಂದುಕೊಳ್ಳುತ್ತಾರೆ. ಈ ನೋವಿನಲ್ಲಿ ಒಂದು ಪಾಲು ಅಗಲಿಕೆಯದು. ಇನ್ನೊಂದು ಪಾಲು, ತಾಯಿಯಾದವಳು ಮನೆಯಲ್ಲಿಯೇ ಇರಬೇಕೆಂದು ಸುತ್ತಲಿನ ಸಮಾಜ ಮಕ್ಕಳ ಕಿವಿಯಲ್ಲಿ ಊದಿದ್ದು. ಓಣಿಯ ನಲ್ಲಿಯ ಬಳಿ ನಮ್ಮ ಹುಡುಗಿ ಕೇಳಿದ್ದೂ ಅದನ್ನೇ.

ಇದನ್ನೋದಿದಾಗ ನಾನು ಮತ್ತೆ ಜಕ್ಕಿಯಬ್ಬೆಯ ಶಾಸನಕ್ಕೆ ಹೋದೆ. ಹೆಣ್ಣಾಗಿದ್ದರೂ ನಾಡನ್ನು ಕಾಪಾಡಿದಳು ಎಂದು ಹೊಗಳಿದ ಶಾಸನಕವಿಗೂ ಹೆಣ್ಣಿನ ನೆಲೆ ಬೇರೆಯೆಂಬ ಎಣಿಕೆ ಇದ್ದೇ ಇತ್ತು. ಆದರೂ ಅವನು ಒಂದು ಸಂಗತಿಯನ್ನು ಬಿಡಲಿಲ್ಲ. ನಾಡಾಳುವ ತಾಯಿಯ ಬದುಕಿನ ಕೊನೆಯ ಘಟ್ಟವನ್ನು ವರ್ಣಿಸುವಾಗ, ವ್ರತಕ್ಕೂ ಮರಣಕ್ಕೂ ಮೊದಲು, ಮಗಳನ್ನು ಕರೆಸಿದಳು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿದನು. ನಾನು ಎಷ್ಟೋ ಸಲ ಆ ಕಥೆಯನ್ನು ಹೇಳಿದ್ದರೂ ಅಧಿಕಾರದ ಮಾತಿಗೆ ಒತ್ತು ಕೊಟ್ಟು, ಈ ಮಾತನ್ನು ಉಸಿರು ಬಿಡುವ ಹೊತ್ತಿನಲ್ಲಿ ದಾಟಿಬಿಡುತ್ತಿದ್ದೆ. ಹದಿಮೂರು ವರ್ಷದ ಹುಡುಗಿ ಅಲ್ಲಿಯೇ ನಿಂತಳು. ಅವಳಿಗೆ ಆ ಶಾಸನದಲ್ಲಿ ಬೇಕಾಗಿದ್ದ ಮಾತು ಅದೊಂದೇ.

ಕುವೈತು 1991ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಗದ್ದೆಯ ಸಾಲ ಮಾತ್ರ ಹಾಗೆಯೇ ಇತ್ತು. 1992ರಲ್ಲಿ ಮಗಳ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ತಾಯಿ ಮತ್ತೆ ಹೊರಟಳು. ಈ ಸಲ ಬೆಳಗಿನ ಜಾವದ ಬಸ್ಸಲ್ಲ, ಮಧ್ಯಾಹ್ನದ ಬಸ್ಸು. ಮಗಳೇ ಟ್ರಂಕು ಹಿಡಿದು ನಿಲ್ದಾಣಕ್ಕೆ ಬಂದಿದ್ದಳು. ಇಬ್ಬರೂ ಅತ್ತರು, ಊರು ನೋಡಿತು. ಊರು ನೋಡಿದ್ದರಿಂದ ಏನೂ ಆಗಲಿಲ್ಲ.

ಆ ಬಳಿಕ ಪತ್ರಗಳ ರೀತಿಯೇ ಬದಲಾಯಿತು. ಬ್ಯಾಂಕಿನ ಡ್ರಾಫ್ಟ್ ಬಂದಾಗ ಹುಡುಗಿ ಕೆಲವೊಮ್ಮೆ ನನ್ನ ಬಳಿಗೆ ಬರುತ್ತಿದ್ದಳು. ಸಾಲಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಅಜ್ಜಿಯ ಕಣ್ಣಿನ ಚಿಕಿತ್ಸೆಗೆ ಎಷ್ಟು ಎಂದು ಎರಡು ಕಲಮಿನ ಲೆಕ್ಕ ಬರೆದು ತಾಯಿಗೆ ಕಳಿಸುತ್ತಿದ್ದಳು. ತಾಯಿ ಆ ಮನೆಯ ಜಗಳಗಳನ್ನು, ತನ್ನ ಬೆನ್ನುನೋವನ್ನು, ಬೇಸರವನ್ನು ಬರೆಯುತ್ತಿದ್ದಳಂತೆ. ಹದಿನಾರರ ಮಗಳು ನಲವತ್ತರ ತಾಯಿಗೆ ಸಮಾಧಾನ ಹೇಳುವ ಪತ್ರಗಳು. ಮಕ್ಕಳ ಹೆಗಲಿಗೆ ದೊಡ್ಡವರ ಭಾರ ಹೊರಿಸಬಾರದೆಂದು ಹೇಳುವವರುಂಟು. ಆ ಮಾತಿನಲ್ಲಿ ಸತ್ಯವಿದೆ. ಅವಳ ಕೂದಲಲ್ಲಿ ನರೆ ಬೇಗ ಕಾಣಿಸಿತೆಂದು ನಾನೇ ಬಲ್ಲೆ. ಆದರೆ ಏನನ್ನೂ ಹೇಳದೆ ಬಿಟ್ಟಿದ್ದ ಮೂರು ವರ್ಷಗಳ ಭಾರಕ್ಕಿಂತ ಇದು ಹಗುರವಾಗಿತ್ತೆಂದು ಅವಳೇ ನನಗೆ ಹೇಳಿದ್ದಾಳೆ.

1994ರ ಬೇಸಿಗೆ. ದ್ವಿತೀಯ ಪಿ.ಯು.ಸಿ. ಮುಗಿಸಿದ್ದ ಅವಳು ದಾರಿಯಲ್ಲಿ ಸಿಕ್ಕಿದಳು. ಸೈಕಲ್ಲಿನಿಂದ ಇಳಿಯದೆಯೇ ಕೂಗಿದಳು: "ಸಾರ್, ಅವ್ವ ಬರ್ತಾಳೆ! ಅವಳಿಗೆ ಎರಡು ತಿಂಗಳು ರಜೆ ಕೊಟ್ಟಾರಂತೆ!"

ಬರ್ತಾಳೆ. ಏಕವಚನವು ನನ್ನ ಕಿವಿಗೆ ಅಷ್ಟು ಇಂಪಾಗಿ ಕೇಳಿದ್ದು ಅದೊಂದೇ ಸಲ.

ಈಗ ಕಾಲ ಬದಲಾಗಿದೆ. 2016ರಿಂದ ವಾಟ್ಸಾಪಿನಲ್ಲಿಯೇ ಮುಖ ನೋಡಿ ಮಾತಾಡಬಹುದು. ನಮ್ಮ ಬೀದಿಯ ಒಬ್ಬ ನರ್ಸ್ ಹೊರದೇಶದಲ್ಲಿದ್ದಾಳೆ. ಅವಳ ಹದಿನೈದರ ಮಗ ಅವಳ ಎದುರಿನಲ್ಲಿಯೇ, ಅಂದರೆ ಫೋನಿನ ಎದುರಿನಲ್ಲಿ, ದಿನಾ ಊಟಕ್ಕೆ ಕೂರುತ್ತಾನೆ. ಇದು ದೊಡ್ಡ ಭಾಗ್ಯವೇ. ಆದರೆ ಒಮ್ಮೊಮ್ಮೆ ಅವನು ಫೋನನ್ನು ಅಂಗಾತ ಮಲಗಿಸಿ, ತಾಯಿಗೆ ಛಾವಣಿಯನ್ನು ತೋರಿಸುತ್ತಾನೆ. ಬ್ರಿಟನ್ನಿನಲ್ಲಿ ದುಡಿಯುವ ಫಿಲಿಪ್ಪೀನ್ಸ್ ತಾಯಂದಿರನ್ನೂ ಊರಿನಲ್ಲಿದ್ದ ಅವರ ಮಕ್ಕಳನ್ನೂ ಮಾತಾಡಿಸಿ ಮಿರ್ಕಾ ಮಡಿಯಾನು ಮತ್ತು ಡೇನಿಯಲ್ ಮಿಲ್ಲರ್ ಬರೆದ 2012ರ ಗ್ರಂಥವೂ ಇದನ್ನೇ ಹೇಳುತ್ತದೆ. ಫೋನು ಬಂದುದರಿಂದ ಹತ್ತಿರವಾದೆವೆಂದು ತಾಯಂದಿರು ಹಿಗ್ಗಿದರೆ, ಮಕ್ಕಳಲ್ಲಿ ಹಲವರಿಗೆ ಅದು ಕಾವಲಿನಂತೆಯೂ ತೋರಿತ್ತು. ಓದಿದೆಯಾ, ಉಂಡೆಯಾ, ಎಲ್ಲಿಗೆ ಹೋಗಿದ್ದೆ? ತೆಳು ಕಾಗದದ ಪತ್ರದಲ್ಲಿದ್ದ ಮೂರು ವಾಕ್ಯಗಳೇ ಈಗ ದಿನಕ್ಕೆ ಮೂರು ಸಲ ಕೇಳಿಸಿದರೆ ಅದನ್ನು ಮಾತುಕತೆಯೆನ್ನಬಹುದೇ? ತಾಯಿ ತನ್ನ ದಿನ ಹೇಗಿತ್ತೆಂಬುದನ್ನೂ ಹೇಳಿದಾಗಲೇ ಅದು ಮಾತುಕತೆ.

ಸರ್ಕಾರಗಳೂ ಈ ವಿಷಯದಲ್ಲಿ ಕೈಯಾಡಿಸಿವೆ. ವಲಸೆ ಅನುಮತಿ ಬೇಕಾದ ಹದಿನೆಂಟು ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಮೂವತ್ತು ವರ್ಷ ತುಂಬಿರಬೇಕೆಂದು ನಮ್ಮ ದೇಶ ನಿಯಮ ಮಾಡಿತು. ಚಿಕ್ಕ ಮಕ್ಕಳ ತಾಯಂದಿರು ಹೋಗದಂತೆ ಶ್ರೀಲಂಕಾ 2013ರಲ್ಲಿ ಕಟ್ಟುಪಾಡು ತಂದಿತು. ಆರ್ಥಿಕ ಸಂಕಟದ 2022ರಲ್ಲಿ ಅದನ್ನು ಸಡಿಲಿಸಿತು. ತಾಯಿಯ ವಯಸ್ಸೆಷ್ಟು, ಮಗುವಿನ ವಯಸ್ಸೆಷ್ಟು, ಯಾರ ಬಳಿ ಬಿಡುತ್ತೀ ಎಂದು ಅರ್ಜಿಗಳು ಕೇಳುತ್ತವೆ. ಮಗುವಿಗೆ ಏನು ಹೇಳಿ ಹೊರಡುತ್ತೀ ಎಂದು ಕೇಳುವ ಅರ್ಜಿಯಿಲ್ಲ. ಅದನ್ನು ಕೇಳಬೇಕಾದವರು ಮನೆಯವರು, ನೆರೆಯವರು, ನನ್ನಂಥ ಮೇಷ್ಟರು.

ನಮ್ಮ ಜಿಲ್ಲೆಗೆ ಇದು ಹಳೆಯ ಕಥೆಯೂ ಅಲ್ಲ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ಕರ್ನಾಟಕದ ಮೂವತ್ತೊಂದು ಮಂದಿ ಹಕ್ಕಿಪಿಕ್ಕಿ ಜನರು ಅಲ್ಲಿ ಸಿಲುಕಿದ ಸುದ್ದಿ ಬಂದಿತು. ಹುಣಸೂರಿನವರು, ಚನ್ನಗಿರಿಯವರು, ನಮ್ಮ ಶಿವಮೊಗ್ಗದವರು. ಗಿಡಮೂಲಿಕೆಯ ಎಣ್ಣೆ ಮಾರುತ್ತ ಆಫ್ರಿಕವನ್ನು ಸುತ್ತುವ ಈ ಜನರಲ್ಲಿ ಗಂಡ ಹೆಂಡಿರಿಬ್ಬರೂ ಹೊರಡುವುದುಂಟು. ಮಕ್ಕಳು ಊರಿನಲ್ಲಿ ಹಿರಿಯರ ಬಳಿ ಉಳಿಯುತ್ತಾರೆ. ಆಪರೇಷನ್ ಕಾವೇರಿ ಎಂಬ ಹೆಸರಿನಲ್ಲಿ ಸರ್ಕಾರವು ಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ಕರೆತಂದಿತು. ಆ ದಿನಗಳಲ್ಲಿ ಟಿ.ವಿ.ಯ ಮುಂದೆ ಕುಳಿತಾಗ ನನ್ನ ಕಣ್ಣಿಗೆ ಕಾಣುತ್ತಿದ್ದುದು ಹೋಟೆಲಿನ ಹೊರಗೆ ನಿಂತು ವಾರ್ತೆ ಕೇಳುತ್ತಿದ್ದ ಹುಡುಗಿ.

ಅವಳು ಈಗ ಐವತ್ತರ ಸಮೀಪದ ಗೃಹಿಣಿ. ತಾಯಿ ಅವಳ ಮನೆಯಲ್ಲಿಯೇ ಇದ್ದು ಕೆಲವು ವರ್ಷಗಳ ಹಿಂದೆ ತೀರಿಕೊಂಡಳು. ಕೊನೆಯ ಕಾಯಿಲೆಯಲ್ಲಿ ಮಗಳನ್ನು ಕರೆಸುವ ಅಗತ್ಯ ಬೀಳಲಿಲ್ಲ. ಪಕ್ಕದಲ್ಲಿಯೇ ಇದ್ದಳು.

ನಿವೃತ್ತನಾದ ಮೇಲೆಯೂ ವರ್ಷಕ್ಕೊಮ್ಮೆ ಬಂದಳಿಕೆಗೆ ಹೋಗುತ್ತೇನೆ. ಯಾವುದಾದರೂ ಶಾಲೆಯ ಮಕ್ಕಳು ಬಂದಿದ್ದರೆ ಅವರ ಮೇಷ್ಟರ ಅನುಮತಿ ಪಡೆದು ಜಕ್ಕಿಯಬ್ಬೆಯ ಕಥೆಯನ್ನು ಹೇಳುತ್ತೇನೆ. ಕಥೆ ಮುಗಿದ ಮೇಲೆ, ಮಕ್ಕಳು ಕೇಳುವುದಕ್ಕೆ ಮೊದಲೇ, ಅಲ್ಲಿಯ ತನಕ ಆ ಮಗಳು ಎಲ್ಲಿದ್ದಿರಬಹುದು ಎಂದು ನಾನೇ ಕೇಳುತ್ತೇನೆ. ಹೆಚ್ಚಿನವರು, ಮನೆಯಲ್ಲಿ ಎನ್ನುತ್ತಾರೆ. ಎಲ್ಲೋ ಒಬ್ಬ ಹುಡುಗನೋ ಹುಡುಗಿಯೋ ಉತ್ತರ ಹೇಳದೆ ನೆಲ ನೋಡುತ್ತ ಕುಳಿತಿರುತ್ತದೆ. ಬಸ್ಸಿಗೆ ಹೊತ್ತಾದರೂ ಸರಿಯೆಂದು ನಾನು ಆ ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.